ಎಡಗಡೆಯ ತೂಕ

ಫಾಕ್‌ಲ್ಯಾಂಡಿನಲ್ಲಿ ಮರಗಳಿಲ್ಲ,
ನಿಲ್ಲಲು ಗಾಳಿ ಬಿಡುವುದಿಲ್ಲ.
ಎಲೆ ಎಂದರೆ ನಮಗೆ ಇವೇ:
ಒಂದರ ಮೇಲೊಂದು ಒಂಬತ್ತು ಉಕ್ಕಿನ ಪಟ್ಟಿ,
ನಡುನಡುವೆ ತುಕ್ಕು ಉಬ್ಬಿ
ನೆನೆದ ಪುಸ್ತಕದಂತೆ ಬಾಯಿಬಿಟ್ಟ ಕಮಾನು.

ಅರವತ್ತಮೂರರ ಲ್ಯಾಂಡ್‌ರೋವರ್. ಚಿಕ್ಕಮ್ಮ ಮೆರಿನಳದು.
ದೊಡ್ಡಿಯಿಂದ ದೊಡ್ಡಿಗೆ ಅಲೆದು ಪಾಠ ಹೇಳುವ ಕೆಲಸ ಅವಳದು;
ಎರಡು ವಾರ ಟೀಲ್ ಕ್ರೀಕಿನ ಅಕ್ಕತಂಗಿಯರಿಗೆ,
ಎರಡು ವಾರ ಗುಡ್ಡದಾಚೆಯ ಒಬ್ಬನೇ ಹುಡುಗನಿಗೆ.
ನಡುವೆ ರಸ್ತೆ ಎಂಬುದು ಇರಲಿಲ್ಲ.
ಪೀಟ್ ಕೆಸರು, ಕಲ್ಲಿನ ಹೊಳೆ,
ಹೋದ ವಾರದ ಗಾಡಿ ಹೂತ ಗುರುತು.
ಇಪ್ಪತ್ತೆಂಟು ವರ್ಷ, ಒಬ್ಬಳೇ.
ಹಾಗಂತ ಎಲ್ಲರೂ ಹೇಳುತ್ತಾರೆ,
ಅವಳೂ ಅಲ್ಲವೆಂದಿಲ್ಲ.

ಎಲ್ವಿನ್ ಯೋನ್ ಸೇಂಟ್ ಹೆಲೆನಾದವನು,
ಕುರಿಗಳ ಉಣ್ಣೆ ತೆಗೆಯಲು ಬಂದು ಗ್ಯಾರೇಜಿನಲ್ಲಿ ಉಳಿದವನು.
ಇಬ್ಬರೂ ಸೇರಿ ಮೂರು ದಿನ ಎಣ್ಣೆ ಕುಡಿಸಿದೆವು ಶ್ಯಾಕಲ್ ಬೋಲ್ಟಿಗೆ.
ಸುತ್ತಿಗೆಗೆ ಜಗ್ಗಲಿಲ್ಲ.
ಬೆಂಕಿ ಹಿಡಿದಾಗ ಬುಷ್ಷಿನ ರಬ್ಬರು ಹೊತ್ತಿಕೊಂಡು
ಶೆಡ್ಡಿನ ತುಂಬ ಕರಿಹೊಗೆ,
ಬಾಗಿಲಲ್ಲಿ ಮಲಗಿದ್ದ ನಾಯಿ ಸೀನುತ್ತ ಎದ್ದುಹೋಯಿತು.
ಯು-ಬೋಲ್ಟುಗಳನ್ನು ಕೊನೆಗೆ ಕೊಯ್ದೇ ತೆಗೆದದ್ದು.

ಮುಂದಿನ ಎರಡು ಕಮಾನುಗಳನ್ನೂ ನೆಲಕ್ಕಿಟ್ಟು
ಬೆನ್ನಿಗೆ ಬೆನ್ನು ಸೇರಿಸಿದ ಎಲ್ವಿನ್.
ಹಾಗೆ ಸೇರಿಸಿದರೆ ತಿಳಿಯುತ್ತದಂತೆ ಯಾವುದು ಹೆಚ್ಚು ಸೋತಿದೆಯೆಂದು.
ನಾನೇನೋ ಬಲಗಡೆಯದೇ ಇರಬೇಕು ಅಂದುಕೊಂಡಿದ್ದೆ:
ಸ್ಟೀರಿಂಗು ಅಲ್ಲಿ, ಚಿಕ್ಕಮ್ಮ ಅಲ್ಲಿ,
ಪೆಟ್ರೋಲ್ ಟ್ಯಾಂಕೂ ಅವಳ ಸೀಟಿನಡಿಯಲ್ಲಿ.
ಅದಕ್ಕೆಂದೇ ಕಾರ್ಖಾನೆಯವರು ಆ ಬದಿಗೆ
ಬೆರಳಷ್ಟು ಎತ್ತರದ ಕಮಾನು ಕೊಟ್ಟಿರುತ್ತಾರೆ.

ಬಲದ್ದು ಇನ್ನೂ ಬಿಲ್ಲು.
ಎಡದ್ದು ಮಣೆ.

‘ಇಲ್ಲಿ ಯಾರೋ ಕೂತಿದ್ದಾರೆ’ ಅಂದ ಎಲ್ವಿನ್,
‘ದೊಡ್ಡ ಆಳು. ಬಹಳ ವರ್ಷ.’

ಪುಸ್ತಕದ ಪೆಟ್ಟಿಗೆ ಇರಬಹುದು, ಅಂದೆ.
ಪೆಟ್ಟಿಗೆ ಹಿಂದೆ ಇಡುತ್ತಾರೆ, ಅಂದ.
ಬ್ಯಾಟರಿ? ಪೀಟ್ ಚೀಲ?
ಕಾಲು ಮುರಿದ ಟಗರು?
ಎಲ್ಲದಕ್ಕೂ ಹೂಂಗುಟ್ಟಿದ, ಒಂದನ್ನೂ ನಂಬದೆ.
ಎದ್ದು ಕ್ಯಾಬಿನ್ನಿನೊಳಗೆ ಬಗ್ಗಿದೆ.
ಎಡಸೀಟಿನ ಮುಂದೆ ಹಿಡಿದುಕೊಳ್ಳುವ ಸರಳು,
ಅದರ ಹಸಿರು ಬಣ್ಣ ಒಂದು ಅಂಗೈಯಗಲ ಸವೆದು
ಬರಿಯ ಉಕ್ಕು ಹೊಳೆಯುತ್ತಿತ್ತು.
ಚಿಕ್ಕವಳಿದ್ದಾಗಿಂದ ನೋಡಿದ್ದೆ.
ಕಂಡಿರಲಿಲ್ಲ.

ಹೊಸ ಕಮಾನುಗಳು ಏಳು ವಾರ ಹಡಗಿನಲ್ಲಿ ಬಂದವು,
ಮೇಣದ ಕಾಗದ ಸುತ್ತಿಕೊಂಡು.
ಕೂರಿಸಿ ಜಾಕು ಇಳಿಸಿದರೆ
ಹೊಸ ಮೆಟ್ಟು ಮೆಟ್ಟಿದ ಮದುಮಗನ ಹಾಗೆ
ಗಾಡಿ ಸೆಟೆದು ನಿಂತಿತು, ಚೂರು ಎಡಕ್ಕೆ ವಾಲಿ.
ಕೊನೆಯ ಬಿಗಿತ ಇನ್ನೂ ಬಾಕಿ.
ಗಾಲಿ ಗಾಳಿಯಲ್ಲಿದ್ದಾಗ ಬಿಗಿದರೆ
ಬುಷ್ಷಿನ ರಬ್ಬರು ತಿರುಚಿಕೊಂಡೇ ಕೂರುತ್ತದೆ,
ಚಳಿಗಾಲ ಕಳೆಯುವುದರೊಳಗೆ ಹರಿಯುತ್ತದೆ.
ಭಾರ ಇಳಿಯಬೇಕು, ಆಮೇಲೆ ಬಿಗಿ.
‘ಯಾರಾದರೂ ಒಳಗೆ ಕೂತರೆ ಒಳ್ಳೆಯದು’ ಅಂದ ಎಲ್ವಿನ್.

ಚಿಕ್ಕಮ್ಮ ಬಂದದ್ದು ಬರಿ ನೋಡಿಹೋಗಲಿಕ್ಕೆ.
ಎಂಬತ್ತೊಂದು ವಯಸ್ಸು, ಗಮ್‌ಬೂಟು,
ಬಗಲಲ್ಲಿ ಬಟ್ಟೆ ಸುತ್ತಿದ ಬ್ರೆಡ್ಡು.
ಕೈಗೆ ಸಿಕ್ಕ ಸ್ಟೂಲಿನ ಮೇಲೆ ಬ್ರೆಡ್ಡಿಟ್ಟು
ಗಾಡಿಯನ್ನು ಸುತ್ತಿ ಬಂದು
ಎಡಬಾಗಿಲು ತೆಗೆದಳು.
ಏರುವಾಗ ಸರಳು ಹಿಡಿದಳು,
ಸವೆದಲ್ಲಲ್ಲ, ಅದರ ಪಕ್ಕ,
ಬಣ್ಣ ಇರುವಲ್ಲಿ.

ಕಮಾನು ನರಳಲೂ ಇಲ್ಲ.
‘ಸಾಲದು’ ಅಂದಳು.

ಎಲ್ವಿನ್ ಏನೂ ಕೇಳದೆ
ಸಿಮೆಂಟಿನ ಎರಡು ಮೂಟೆ ತಂದು ಅವಳ ಕಾಲ ಬಳಿ ಇಟ್ಟ,
ಆಮೇಲೆ ಇನ್ನೊಂದು.
ಗಾಡಿ ಒಂದು ಬೆರಳು ತಗ್ಗಿತು.
‘ಹಾಂ’ ಅಂದಳು.

ನಾನು ಅಡಿಗೆ ತೆವಳಿ ಸ್ಪ್ಯಾನರ್ ಕೂರಿಸಿದೆ.
ಅಲ್ಲಿಂದ ಅವಳ ಮುಖ ಕಾಣುವುದಿಲ್ಲ.